ನಮ್ಮ ತೂಬಿನ ಕಾಗದ

ಗುಟ್ಟಿನ ವಿಷಯದಲ್ಲಿ ನನ್ನದು ಹಳೆಯ ಪಾಲಿಸಿ: ನನ್ನದು ಪ್ರೈವೇಟ್, ಮಿಕ್ಕವರದು ಪಬ್ಲಿಕ್. ತೊಂಬತ್ತರ ದಶಕ ಮುಗಿಯುತ್ತಿದ್ದ ಆ ವರ್ಷ, ಮಾಹಿತಿ ಹಕ್ಕಿನ ಮಸೂದೆಗೆ ಎಂಥ ತಿದ್ದುಪಡಿ ಬೇಕೆಂದು ಶಾಸಕರು ಸದನದಲ್ಲಿ ಕಾದಾಡುತ್ತಿದ್ದ ಸುದ್ದಿಯನ್ನು ಕಾಫಿ ಆರುವುದನ್ನೂ ಮರೆತು ಓದುತ್ತಿದ್ದೆ. ಒಬ್ಬರು ಎಲ್ಲ ಕಡತವೂ ಜನರಿಗೆ ತೆರೆದಿರಲಿ ಎಂದರೆ, ಇನ್ನೊಬ್ಬರು ಸಾರ್ವಜನಿಕ ಹಿತಕ್ಕಾಗಿ ಕೆಲವನ್ನು ಮುಚ್ಚಿಡಲೇಬೇಕು ಎನ್ನುತ್ತಿದ್ದರು. ಆ ಎರಡನೆಯವರ ಹೆಸರು ಕಂಡರೇ ನನಗೆ ಮೈ ಉರಿ.

ಅಷ್ಟರಲ್ಲಿ, ಪಾಲಹಳ್ಳಿಯ ನಮ್ಮ ಮನೆ ಹಿಂದಿನ ಗದ್ದೆ ಮಾಡುವ ಕೆಂಪಮ್ಮ ಓಡಿಬಂದಳು. “ನಾಲೇಲಿ ನೀರ್ ಅರೀತಾದೆ, ನಮ್ ತೂಬ್ ಮಾತ್ರ ಎತ್ತಾಕಿಲ್ಲ ಅಂತಾವ್ರೆ ಅಮ್ಮಾವ್ರೇ. ಆಪೀಸಲ್ಲಿ ಅದೇನೋ ಕಾಗ್ದ ಅದಂತೆ. ಇನ್ನೆಲ್ಡ್ ದಿನಕ್ಕೆ ಬತ್ತದ ಸಸಿಯೆಲ್ಲ ಒಣಗೋಯ್ತವೆ!”

ಪೇಪರು ಹಿಡಿದೇ ಅವಳೊಡನೆ ಹೋಗಿ ಆ ಕಾಗದ ಕೇಳಿದರೆ, ನೀರಾವರಿ ಕಚೇರಿಯ ಗುಮಾಸ್ತ ಕಡತದ ಮೇಲೆ ಮೊಣಕೈ ಊರಿ ಕೂತಿದ್ದ. “ಆಪೀಸ್ ಗುಟ್ಟು, ತೋರ್ಸಂಗಿಲ್ಲ.”

“ನಾನ್‌ಸೆನ್ಸ್! ಶಾಸಕರೇ ಕಾನೂನು ಮಾತಾಡ್ತಿದ್ದಾರೆ,” ಎಂದು ಪೇಪರು ಬಿಡಿಸಿದೆ.

“ಅವ್ರಿನ್ನೂ ಮಾತಾಡ್ತಾನೇ ಅವ್ರೆ ಕಣಮ್ಮ. ಮುಗುದ್ಮೇಲೆ ಬನ್ನಿ.”

ನಾನು ಬೆಂಚಿನಲ್ಲಿ ಕೂತು, ಕಾನ್ವೆಂಟಿನ ಎಲೊಕ್ಯೂಷನ್ ಕಪ್ ಗೆದ್ದ ಕಂಠದಲ್ಲಿ, ಇಡೀ ಚರ್ಚೆಯನ್ನು ಓದತೊಡಗಿದೆ. ಶಾಸಕರು ಮೇಜು ಗುದ್ದಿದ ಕಡೆ ನಾನು ಬೆಂಚು ಗುದ್ದಿದೆ. ಜನ ಸೇರಿದರು. “ಓದಿ ಅಮ್ಮಾವ್ರೇ, ಸಂಜೆಗಂಟ ಓದಿ,” ಎಂದು ಕೆಂಪಮ್ಮ ಚಕ್ಕಳಮಕ್ಕಳ ಹಾಕಿ ಕೂತಳು. ಎರಡನೆಯ ಪುಟಕ್ಕೆ ಗುಮಾಸ್ತ ಕೈಮುಗಿದು ಕಡತವನ್ನೇ ನನ್ನತ್ತ ತಳ್ಳಿದ. “ನೋಡ್ಕಳಿ ನಮ್ಮವ್ವ, ತಲೆ ಸಿಡೀತಾದೆ!”

ವಿಕ್ಟರಿ! ಕಡತ ತೆರೆದೆ. ಒಳಗೆ ಒಂದೇ ಒಂದು ಇಂಗ್ಲಿಷ್ ಕಾಗದ. ದುಂಡನೆಯ ಕರ್ಸಿವ್ ಬರವಣಿಗೆ. ಹೋದ ಸುಗ್ಗಿಯಲ್ಲಿ ಇದೇ ತೂಬಿನ ನೀರು ನುಗ್ಗಿ ಹಿತ್ತಲ ಗುಲಾಬಿ ಕೊಳೆತಾಗ, ಸಿಟ್ಟಿನಲ್ಲಿ ನಾನೇ ಬರೆದದ್ದು: ಈ ತೂಬನ್ನು ‘ಅಂಟಿಲ್ ಫರ್ದರ್ ಆರ್ಡರ್ಸ್’, ಅಂದರೆ ಮುಂದಿನ ಹುಕುಂ ಬರುವವರೆಗೆ, ಮುಚ್ಚಿಡಿ! ಲೆಟರ್ ರೈಟಿಂಗ್ ಕಲಿಸಿದ ಕಾನ್ವೆಂಟಿನ ಸಿಸ್ಟರ್ ಇದ್ದಿದ್ದರೆ ಹತ್ತಕ್ಕೆ ಹತ್ತು ಕೊಡುತ್ತಿದ್ದರು. ಪಾಪ, ಅವರು ಹೋಗಿ ಎಷ್ಟು ಕಾಲವಾಯಿತು. ಇಂಗ್ಲಿಷಿನಲ್ಲಿದ್ದುದರಿಂದ ಮೇಲಿನ ಸಾಹೇಬರ ಹುಕುಂ ಎಂದುಕೊಂಡು ಕಚೇರಿ ಅದನ್ನು ಭಕ್ತಿಯಿಂದ ಪಾಲಿಸಿತ್ತು.

“ಯಾವ್ ಮುಂಡೇಮಗ ಬರ್ದವ್ನೆ ಅಮ್ಮಾವ್ರೇ?” ಎಂದಳು ಕೆಂಪಮ್ಮ.

ನಾನು ಕೇಳಿಸದವಳಂತೆ ಅಲ್ಲೇ, ತೂಬು ಎತ್ತಿ ಎಂದು ಇನ್ನೊಂದು ಇಂಗ್ಲಿಷ್ ಕಾಗದ ಗೀಚಿ ಕೊಟ್ಟೆ. ಗುಮಾಸ್ತ ಅದನ್ನೂ ಓದದೆ ಮೊಹರು ಒತ್ತಿದ. ಸಂಜೆಗೆ ತೂಬು ಎದ್ದಿತು. “ನಮ್ಮಮ್ಮಾವ್ರು ಪೇಪರ್ ಓದೇ ನೀರ್ ಬುಡುಸ್ಬುಟ್ರು ಕಣ್ರೋ!” ಎಂದು ಕೆಂಪಮ್ಮ ಊರಿಗೆಲ್ಲ ಸಾರಿದಳು. ನಾನು ಮಂತ್ರಿಯಂತೆ ಕೈಬೀಸಿದೆ.

ಮರುದಿನದ ಪೇಪರಿನಲ್ಲಿ, ಸಾರ್ವಜನಿಕ ಹಿತಕ್ಕಾಗಿ ಕೆಲವು ಕಾಗದ ಮುಚ್ಚಿಡಬೇಕೆಂದು ಆ ಎರಡನೆಯ ಶಾಸಕರು ಮತ್ತೆ ಮಾತಾಡಿದ್ದರು. ಬಿಸಿ ಕಾಫಿ ಹೀರುತ್ತ ಎರಡು ಸಲ ಓದಿದೆ. ಎಷ್ಟು ತೂಕದ ಮನುಷ್ಯ!