ಗಲಾಟೆಯ ದಿನಗಳಲ್ಲಿ ಅತ್ತೆಯ ಕ್ಯಾಮೆರಾ

ಕುರುಕ್ಷೇತ್ರದ ಸುದ್ದಿ ತರಲು ನಮ್ಮ ಅತ್ತೆಯನ್ನು ಕಳಿಸಿದ್ದರೆ, ಹದಿನೆಂಟು ಅಕ್ಷೌಹಿಣಿ ಸೈನ್ಯ ಎಂಬ ಮಾತನ್ನು ಆಕೆ ಒಪ್ಪುತ್ತಲೇ ಇರಲಿಲ್ಲ. ಎತ್ತರದ ಜಾಗ ನೋಡಿ ಹತ್ತಿ, ಎಣಿಸಿಯೇ ತೀರುತ್ತಿದ್ದಳು. ಎಣಿಕೆ ಮುಗಿಯುವ ತನಕ ಬಾಣ ಬಿಡಬೇಡಿ ಎಂದು ಭೀಷ್ಮರಿಗೂ ಹೇಳಿಬಿಡುತ್ತಿದ್ದಳು!

ಅತ್ತೆ ಎಂದರೆ ನಮ್ಮಪ್ಪನ ತಂಗಿ. ಕೂಡ್ಲಿಗಿಯಲ್ಲಿ ಮದುವೆ ವಿಡಿಯೊ ತೆಗೆಯುತ್ತಿದ್ದವಳು ಅದೇ ಕ್ಯಾಮೆರಾ ಹಿಡಿದು ಸರ್ಕಾರಿ ಟಿವಿಗೆ ಐದು ತಾಲೂಕುಗಳ ಅರೆಕಾಲಿಕ ವರದಿಗಾರ್ತಿಯಾದಳು. ಕ್ಯಾಮೆರಾ ನಿಲ್ಲಿಸುವ ಸ್ಟ್ಯಾಂಡನ್ನು ಹಳೆಯ ಸೀರೆಯಲ್ಲಿ ಸುತ್ತಿಕೊಂಡು ಬಸ್ಸಿನಲ್ಲೇ ಓಡಾಟ. ಹೊಸಹಳ್ಳಿ ಕಡೆಯ ಹೆಂಗಸರು ಅದನ್ನು ನೋಡಿ, "ಯಾರ ಹೊಲಕ್ಕ ಹೊಂಟೀಯವ್ವಾ?" ಎಂದು ಕೇಳಿದರೆ, "ಎಲ್ಲಿ ಜಗಳ ಐತೋ ಅಲ್ಲಿಗೆ" ಎನ್ನುತ್ತಿದ್ದಳು.

ಜಗಳಕ್ಕೇನು ಕೊರತೆ? ಜಿಲ್ಲೆ ಒಡೆಯುವ ಮಾತು ಎದ್ದಿದ್ದ ದಿನಗಳವು. ಯಾವ ತಾಲೂಕು ಯಾವ ಜಿಲ್ಲೆಗೆ ಸೇರಬೇಕೆಂದು ಇವತ್ತು ಇಲ್ಲಿ ಬಂದ್, ನಾಳೆ ಅಲ್ಲಿ ರಸ್ತೆ ತಡೆ. ಖಾಸಗಿ ಚಾನೆಲ್ಲೊಂದು "ಹೊತ್ತಿ ಉರಿದ ಕೂಡ್ಲಿಗಿ" ಎಂದು ಕೆಂಪು ಅಕ್ಷರಗಳಲ್ಲಿ ತೋರಿಸಿದ ದಿನ, ಹಡಗಲಿಯ ನೆಂಟರು ಫೋನ್ ಮಾಡಿ ಅತ್ತೇಬಿಟ್ಟರು. ಅದೇ ಸಂಜೆ ಅತ್ತೆ ಕಳಿಸಿದ ಸುದ್ದಿ ಇಷ್ಟೇ: "ಕೂಡ್ಲಿಗಿಯಲ್ಲಿ ಇಂದು ಒಂದು ಟೈರನ್ನು ಸುಡಲಾಯಿತು."

ಅಪ್ಪನಿಗೆ ಊರಿಗೇ ಅವಮಾನವಾದಂತೆ ಅನಿಸಿತು. "ಒಂದೀಟು ಖಾರ ಹಾಕಿ ಹೇಳಬಾರದೇನು?"

"ಸುಟ್ಟಿದ್ದು ಒಂದ ಟೈರು ಅಣ್ಣಾ. ಅದೂ ಸೈಕಲ್ಲಿಂದು. ಹುಡುಗರ ಮರ್ಯಾದಿ ಹೋದೀತು ಅಂತ ಸೈಕಲ್ ಅನ್ನಾದ್ ಬಿಟ್ಟೀನಿ."

ಹರಪನಹಳ್ಳಿಯ ಧರಣಿಯಲ್ಲಿ ಮುಖಂಡರೊಬ್ಬರು ಬಂದು, "ಹತ್ತು ಸಾವಿರ ಜನ ಅಂತ ಹಾಕ್ರಿ ಮೇಡಂ" ಎಂದರು. ಅತ್ತೆ ಪಕ್ಕದ ಅಂಗಡಿಯ ಮಾಳಿಗೆ ಹತ್ತಿ, ಬೆರಳು ಮಡಚಿ ಮಡಚಿ ಎಣಿಸಿ ಇಳಿದಳು. "ನಾನೂರ ಹನ್ನೆರಡು." ಮುಖಂಡರ ಮುಖ ಕಪ್ಪಿಟ್ಟಿತು. "ಇರ್ರಿ, ಇನ್ನೂ ಪಕ್ಕಾ ಆಗಿಲ್ಲ. ಅರಸೀಕೆರೆ ಬಸ್ ಬರ್ಲಿ" ಎಂದಳು. ಬಸ್ಸು ಬಂತು. ಹೋರಾಟದ ಕಾಲುಭಾಗ ಚೀಲ ಎತ್ತಿಕೊಂಡು ಹತ್ತಿ ಹೋಯಿತು.

ನಾನು ಆಗ ಕೊಟ್ಟೂರಿನಲ್ಲಿ ಡಿಗ್ರಿ ಓದುತ್ತಿದ್ದೆ. ಓದುತ್ತಿದ್ದೆ ಎಂಬುದು ಮನೆಯವರ ನಂಬಿಕೆ. ಒಂದು ಮಧ್ಯಾಹ್ನ ಬಸ್ ನಿಲ್ದಾಣದ ಎದುರು ರಸ್ತೆ ತಡೆದ ಗುಂಪಿನ ಮೊದಲ ಸಾಲಿನಲ್ಲಿದ್ದೆ. ಬಸ್ಸೊಂದು ನುಗ್ಗಿಬಂದು ಗುಂಪಿನ ನಡುವೆ ಸಿಕ್ಕಿಕೊಂಡಿತು. ಎಲ್ಲರ ಕೈಗೂ ಕಲ್ಲು ಬಂದವು, ನನ್ನ ಕೈಗೂ ಬಂತು. ತೋಳು ಎತ್ತಿದಾಗ ಕಂಡದ್ದು ಎದುರಿಗೆ ನಿಂತ ಕ್ಯಾಮೆರಾ, ಅದರ ಹಿಂದೆ ಅತ್ತೆ.

ಹುಟ್ಟಿದಾಗಿನಿಂದ ನನ್ನನ್ನು "ಲೇ" ಎಂದೇ ಕರೆದವಳು ಗುರುತೇ ಇಲ್ಲದವಳಂತೆ ಕೇಳಿದಳು: "ನಿಮ್ಮ ಹೆಸರೇನ್ರಿ?"

ನಾನು ಹೆಸರು ಹೇಳಿದೆ. ಮತ್ತೇನು ಮಾಡಲಿ?

"ಕೈಯಾಗ ಏನೈತ್ರಿ?"

"ಕಲ್ಲು."

"ಬಸ್ಸಿನಾಗ ಯಾರ್ ಅದಾರ ಅಂತ ಗೊತ್ತೈತೇನ್ರಿ?"

ಗೊತ್ತಿರಲಿಲ್ಲ. ಕಲ್ಲು ಕೆಳಗಿಟ್ಟೆ. ಅತ್ತೆ ಪಕ್ಕದವನತ್ತ ತಿರುಗಿದಳು. "ನಿಮ್ಮ ಹೆಸರೇನ್ರಿ?" ಅವನೂ ಇಟ್ಟ. ಹೀಗೆ ಏಳೆಂಟು ಜನರ ಸಂದರ್ಶನ ಮುಗಿಯುವಷ್ಟರಲ್ಲಿ ಹಿಂದಿನಿಂದ ಯಾರೋ ಒಗೆದ ಕಲ್ಲು ಬಂದು ಆಕೆಯ ಎಡ ಮುಂಗೈಗೆ ಬಿತ್ತು. ಮೂಳೆ ಬಿರುಕು ಬಿಟ್ಟಿತು. ಬಸ್ಸು ಮಾತ್ರ ಒಂದು ಗಾಜೂ ಒಡೆಯದೆ ಪಾರಾಯಿತು.

ಮರುದಿನ ಟಿವಿಯಲ್ಲಿ, "ಘಟನೆಯಲ್ಲಿ ಒಬ್ಬರಿಗೆ ಗಾಯವಾಗಿದೆ" ಎಂದಷ್ಟೇ ಬಂತು. ಆ ಒಬ್ಬರು ನಮ್ಮ ನಡುಮನೆಯಲ್ಲಿ ಬ್ಯಾಂಡೇಜು ಕಟ್ಟಿಕೊಂಡು ಚಹಾ ಕುಡಿಯುತ್ತಿದ್ದರು. "ನಿನ್ನ ಹೆಸರಾದ್ರೂ ಹಾಕಬೇಕಿತ್ತಿಲ್ಲೋ" ಎಂದು ಅವ್ವ ಕಣ್ಣೊರೆಸಿಕೊಂಡರೆ, "ನಾನು ಸುದ್ದಿ ಕಳಸಾಕಿ ವೈನಿ, ನಾನ ಸುದ್ದಿ ಆಗಬಾರ್ದು" ಎಂದಳು.

ಆದರೆ ಪೊಲೀಸರು ವಿಡಿಯೊ ಕೇಳಿದರು. ಅಪ್ಪ ಬಂದು ತಂಗಿಯ ಮುಂದೆ ಕುಳಿತ. "ಇವನ ಮುಖ ಅಷ್ಟು ತೆಗೆದು ಕೊಡವ್ವ."

ಅತ್ತೆ ಚಹಾದ ಲೋಟ ಕೆಳಗಿಟ್ಟಳು. "ಇವನ್ನೊಬ್ಬನ್ನ ತೆಗೆದ್ರ, ಉಳಿದ ಹುಡುಗರ ಅವ್ವಂದಿರಿಗೆ ಏನು ಹೇಳ್ಲಿ ಅಣ್ಣಾ? ಪೂರಾ ಕೊಡ್ತೀನಿ. ಜೋಡೀಗೆ ನಾನೂ ಹೋಗ್ತೀನಿ."

ಠಾಣೆಯಲ್ಲಿ ನಾವು ಎಂಟು ಜನ ಹುಡುಗರು ಗೋಡೆಗೆ ಒರಗಿ ನಿಂತೆವು. ಅತ್ತೆ ನನ್ನ ಪಕ್ಕದ ಬೆಂಚಿನ ಮೇಲೆ ಕುಳಿತಳು. ಸಬ್ ಇನ್‌ಸ್ಪೆಕ್ಟರ್ ವಿಡಿಯೊ ಹಾಕಿದರು. ಪರದೆಯ ಮೇಲೆ ಎಂಟು ಕಲ್ಲುಗಳು ಒಂದೊಂದಾಗಿ ನೆಲಕ್ಕಿಳಿದವು. ಅಷ್ಟು ನೋಡಿದ ಮೇಲೆ ಅವರು ಎಚ್ಚರಿಕೆ ಕೊಟ್ಟು, ಮುಚ್ಚಳಿಕೆ ಬರೆಸಿಕೊಂಡು ಬಿಡುವುದಾಗಿ ಹೇಳಿದರು. ಹಿಂದಿನಿಂದ ಕಲ್ಲು ಒಗೆದವನ ಸುಳಿವು ಸಿಕ್ಕೀತೆಂದು ಮತ್ತೊಮ್ಮೆ ಮೊದಲಿನಿಂದ ಹಾಕಿ, ಈ ಸಲ ಧ್ವನಿ ಜೋರು ಮಾಡಿದರು.

ಕ್ಯಾಮೆರಾದ ಮೈಕು ಅತ್ತೆಯ ಬಾಯಿಗೇ ಹತ್ತಿರವಿತ್ತು. ನಾನು ತೋಳು ಎತ್ತಿದ ಗಳಿಗೆಯಲ್ಲಿ, "ನಿಮ್ಮ ಹೆಸರೇನ್ರಿ" ಎಂದು ಕೇಳುವುದಕ್ಕೂ ಮೊದಲು, ನಡುಗುವ ದನಿಯೊಂದು ಪಿಸುಗುಟ್ಟುತ್ತಿತ್ತು: "ಒಗಿಬ್ಯಾಡೋ ನನ್ನ ಕೂಸ… ಕೆಳಗ ಇಡೋ… ಇಡೋ ನನ್ನಪ್ಪಾ…"

ಅತ್ತೆ ಗೋಡೆಯ ಮೇಲಿದ್ದ ತಾಲೂಕಿನ ನಕ್ಷೆಯನ್ನು ಬಲು ಗಮನವಿಟ್ಟು ನೋಡುತ್ತಿದ್ದಳು. ಆಕೆಯ ಬಲಗೈ ಮಾತ್ರ ನನ್ನ ಅಂಗಿಯ ತುದಿಯನ್ನು ಮುಷ್ಟಿಯಲ್ಲಿ ಹಿಡಿದಿತ್ತು.