ಶಾಮಲಮ್ಮನ ಮದ್ವೆಗೆ ಹಾಕಿದ ತೆರೆ

ಮೂವತ್ತೊಂಬತ್ತನೇ ಇಸವಿ ವೈಶಾಖದಲ್ಲಿ ಗೌನಿಪಲ್ಲಿ ಪಕ್ಕದ ನಮ್ಮೂರಲ್ಲಿ ಐದು ಜನ ಒಂದ್ಕಡೆ ಸೇರೋದು ಅಪರಾಧ ಅಂತ ಸರ್ಕಾರದೋರು ತಮಟೆ ಹೊಡೆಸಿದ್ರು. ಕೋಲಾರದಲ್ಲಿ ಯಾರೋ ಬಾವುಟ ಹಾರಿಸಿದ್ರಂತೆ, ಅದಕ್ಕೆ. ನಾಲ್ಕು ಜನ ಸೇರಬಹುದು. ಚಿಕ್ಕಗಂಗಮ್ಮನ ಮನೇಲಿ ಆರು ಜನ. ಇಬ್ಬರು ಜಗಲಿ ಮೇಲೆ ಕೂತು ಮುದ್ದೆ ನುಂಗೋರು. ಯಾರಿಗೂ ತೊಂದ್ರೆ ಇರಲಿಲ್ಲ.

ತೊಂದ್ರೆ ಆಗಿದ್ದು ನಮ್ಮ ಪಕ್ಕದ್ಮನೆ ಕದಿರಮ್ಮನಿಗೆ. ಶುಕ್ರವಾರ ಅವಳ ಮಗಳು ಶಾಮಲಮ್ಮನ ಮದ್ವೆ. ಆ ಹುಡುಗಿಗೆ ಆಗ್ಲೇ ಎರಡು ಸಂಬಂಧ ಮುರಿದಿತ್ತು. ಯಾಕೆ ಅಂತ ನಾನು ಹೇಳಲ್ಲ, ಅವಳಮ್ಮನ ಬಾಯಿ ಊರಿಗೇ ಗೊತ್ತು. ಈ ಮುಹೂರ್ತ ತಪ್ಪಿದ್ರೆ ಟೇಕಲ್ ಕಡೆ ಬೇರೆ ಹೆಣ್ಣು ನೋಡಿದ್ದೀವಿ ಅಂತ ಗಂಡಿನ ಕಡೆಯೋರು ಹೇಳಿಕಳಿಸಿದ್ರು. ಕದಿರಮ್ಮ ನನ್ನ ಕರ್ಕೊಂಡು ಮ್ಯಾಜಿಸ್ಟ್ರೇಟ್ ಸಾಹೇಬರ ಕೋರ್ಟಿಗೆ ಹೋದ್ಲು.

"ಮದ್ವೆ ಮಾಡ್ಕೊಳ್ಳೋ ಹಕ್ಕೂ ಇಲ್ವಾ ಸ್ವಾಮಿ ನಮ್ಗೆ?"

"ಹಕ್ಕು ಪೂರ್ತಿ ಇದೆಯಮ್ಮ. ಜನ ಇರಬಾರದು, ಅಷ್ಟೆ."

"ಗಂಡು, ಹೆಣ್ಣು, ಇಬ್ಬರ ಅಪ್ಪ ಅಮ್ಮ, ಜೋಯಿಸರು. ಅಲ್ಲಿಗೇ ಏಳಾಯ್ತು. ಯಾರನ್ನ ಬಿಡ್ಲಿ, ಗಂಡನ್ನೇ ಬಿಡ್ಲಾ?"

ಸಾಹೇಬರು ದಪ್ಪ ಪುಸ್ತಕ ತಿರುವಿ ತಿರುವಿ ತೀರ್ಪು ಕೊಟ್ರು: "ಸೇರೋದು ಅಂದ್ರೆ ಒಬ್ಬರ ಮುಖ ಒಬ್ಬರಿಗೆ ಕಾಣೋದು. ಗಂಡು ಹೆಣ್ಣಿನ ಮಧ್ಯೆ ತೆರೆ ಹಿಡೀತೀರಲ್ಲ, ಅದರ ಈಚೆ ಒಂದು ಗುಂಪು, ಆಚೆ ಇನ್ನೊಂದು. ತೆರೆ ಇರೋವರೆಗೂ ಪ್ರಜೆಗಳ ಸ್ವಾತಂತ್ರ್ಯಕ್ಕೆ ಕೋರ್ಟು ಅಡ್ಡ ಬರೋದಿಲ್ಲ."

ಊರಲ್ಲಿದ್ದ ಸೀರೆ, ಪಂಚೆ, ದುಪ್ಪಟಿ ಎಲ್ಲಾ ಚಪ್ಪರಕ್ಕೆ ಬಂತು. ನಾಲ್ಕು ನಾಲ್ಕು ಜನಕ್ಕೆ ಒಂದೊಂದು ತೆರೆ. ಕಾನ್‌ಸ್ಟೇಬಲ್ ಸೊಣ್ಣಪ್ಪ ಹುಣಸೆಮರ ಹತ್ತಿ ಎಣಿಸ್ತಿದ್ದ. ಕೆಳಗಿದ್ದಿದ್ರೆ ಅವನೇ ಐದನೆಯೋನು. ಮುಹೂರ್ತ ಬಂತು, ಜೋಯಿಸರು ತೆರೆಗೆ ಕೈ ಹಾಕಿದ್ರು.

"ಇಳಿಸಬೇಡಿ! ಏಳಾಗೋಗ್ತಾರೆ!" ಅಂದ ಸೊಣ್ಣಪ್ಪ ಮೇಲಿಂದ.

"ಕಾಣದೆ ತಾಳಿ ಹೆಂಗೆ ಕಟ್ಟೋದೋ ಸೊಣ್ಣ?" ಕದಿರಮ್ಮ ಅಳೋದೊಂದು ಬಾಕಿ.

"ಮುಖ ತಾನೇ ಕಾಣಬಾರದು? ತೆರೆ ಅಡಿಯಿಂದ ಕೈ ಚಾಚಕ್ಕೆ ಹೇಳಕ್ಕ."

ಗಂಡು ತೆರೆ ಕೆಳಗಿಂದ ಎರಡು ಕೈ ತೂರಿಸಿ ತಡಕಾಡ್ದ. ಮೊದಲು ಸಿಕ್ಕಿದ್ದು ಅತ್ತೆ ಕತ್ತು.

"ಅದು ನಾನು ಕಣಪ್ಪ, ಸ್ವಲ್ಪ ಎಡಕ್ಕೆ ಹೋಗು" ಅಂದ್ಲು ಕದಿರಮ್ಮ. ಎಡಕ್ಕೆ ಹೋದ. ಮೂರು ಗಂಟೂ ಬಿತ್ತು. ಶಾಮಲಮ್ಮನ ಮದ್ವೆ ಆಯ್ತು.

ಊಟಾನೂ ತೆರೆ ಒಳಗೇ. ಯಾರ ಎಲೆಗೆ ಎರಡು ಒಬ್ಬಟ್ಟು ಬಿತ್ತು, ಯಾರ ಎಲೆಗೆ ತುಪ್ಪ ಬರಲಿಲ್ಲ, ಯಾರಿಗೂ ಕಾಣ್ಲಿಲ್ಲ. ಬೀಗರು ಬೀಗರು ಜಗಳ ಆಡದೆ ಎದ್ದಿದ್ದು ನಮ್ಮೂರಲ್ಲಿ ಅದೇ ಮೊದಲು. ಗಂಡಿನ ಸೋದರತ್ತೆ ಹೋಗ್ವಾಗ ನಗ್ತಾ ಹೋದ್ಲು ಅಂತಾರೆ. ನಾನು ನೋಡ್ಲಿಲ್ಲ, ಮಧ್ಯೆ ದುಪ್ಪಟಿ ಇತ್ತು.

ಆಷಾಢದಲ್ಲಿ ಸರ್ಕಾರದೋರು ಆರ್ಡರು ವಾಪಸ್ ತಗೊಂಡ್ರು. ಜನಕ್ಕೆ ಗಾಬರಿ ಆಯ್ತು. ಶ್ರಾವಣಕ್ಕೆ ಮದ್ವೆ ಇಟ್ಟೋರೆಲ್ಲ ಕಚೇರಿ ಮುಂದೆ ಸಾಲು ನಿಂತು, "ನಮ್ಮನೆ ಮದ್ವೆ ದಿನ ಒಂದೊಪ್ಪತ್ತಾದ್ರೂ ನಿಷೇಧ ಹಾಕ್ಕೊಡಿ ಸ್ವಾಮಿ" ಅಂತ ಅರ್ಜಿ ಕೊಟ್ರು. ಸಾಹೇಬರು, ಕೇಳ್ಕೊಳ್ಳೋದು ಪ್ರಜೆಗಳ ಹಕ್ಕು ಅಂತ ಎಲ್ಲಾನೂ ಮಂಜೂರು ಮಾಡಿದ್ರು.

ನಮ್ಮ ನಾದಿನಿ ಹಬ್ಬಕ್ಕೆ ಬಂದು ಒಂದು ತಿಂಗಳು ಇರ್ತೀನಿ ಅಂತ ಕಾಗದ ಬರೆಸಿದ್ಲು. ನಾನೂ ಒಂದು ಅರ್ಜಿಗೆ ಹೆಬ್ಬೆಟ್ಟು ಒತ್ತಿ ಬಂದೆ.