ಗೇಣುದ್ದದ ಕೈಮರ

ಹರಾಜಿನಲ್ಲಿ ತನ್ನನ್ನು ಯಾಮಾರಿಸುವ ಗಂಡಸು ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ, ಹುಟ್ಟಿದ್ದರೆ ಅವನು ಬದುಕಿರುವಷ್ಟು ಕಾಲ ಅವನ ಅಂಗಿಗಳನ್ನೆಲ್ಲ ತಾನೇ ಪುಕ್ಕಟೆ ಹೊಲಿದುಕೊಡುತ್ತೇನೆ ಎಂದು ದರ್ಜಿ ಮಾಸ್ಟರು ಘೋಷಿಸಿದಾಗ ಬೆಳಗಿನ ಏಳೂವರೆ ಗಂಟೆ. ಬಾಯಲ್ಲಿ ಹಲ್ಲುಜ್ಜುವ ಬ್ರಶ್ಶು, ಕೈಯಲ್ಲಿ ಮೊಬೈಲು. ಪ್ರತಿಜ್ಞೆ ಮಾಡುವುದಕ್ಕೆ ಅಷ್ಟೇನೂ ಘನವಾದ ಭಂಗಿಯಲ್ಲ, ನಿಜ. ಆದರೆ ಶೂರನಿಗೆ ಭಂಗಿಯ ಹಂಗೇಕೆ!

ಬೀದಿಯವರೆಲ್ಲ ಅವರನ್ನು ಕರೆಯುತ್ತಿದ್ದದ್ದು 'ಕಣ್ಣಳತೆ ಮಾಸ್ಟರು' ಎಂದೇ. ಗಿರಾಕಿ ಅಂಗಡಿಯ ಮೆಟ್ಟಿಲು ಹತ್ತಿ ಮುಗಿಸುವುದರೊಳಗೆ ಅವನ ಎದೆ, ತೋಳು, ಸೊಂಟ ಎಲ್ಲವೂ ಮಾಸ್ಟರ ಕಣ್ಣಿನಲ್ಲಿ ಅಳೆದು ಮುಗಿದಿರುತ್ತಿತ್ತು. ಕೊರಳಲ್ಲಿ ನೇತಾಡುವ ಟೇಪು ಬರೀ ಶೋಭೆಗೆ. ಹೊಲಿದ ಅಂಗಿ ಬಿಗಿಯಾಯಿತೆಂದು ಯಾರಾದರೂ ದೂರಿದರೆ, "ನೀವು ಈ ವಾರ ಸ್ವಲ್ಪ ಊದಿದ್ದೀರಿ" ಎಂದು ಗಿರಾಕಿಯನ್ನೇ ತಿದ್ದುತ್ತಿದ್ದರು. ಅವರು ಹಿಡಿದ ಮೊಲಕ್ಕೆ ಮೂರೇ ಕಾಲು!

ಹೆಂಡತಿ ಇದಕ್ಕೆ ತದ್ವಿರುದ್ಧ. ಅಂಚೆ ಕಚೇರಿಯ ಪಾರ್ಸಲ್ ಕೌಂಟರಿನಲ್ಲಿ ಕೂತು ಇಪ್ಪತ್ತೊಂದು ವರ್ಷ ತಕ್ಕಡಿಯನ್ನೂ ಟೇಪನ್ನೂ ಬಿಟ್ಟರೆ ಮೂರನೆಯವರನ್ನು ನಂಬದವಳು. ತನ್ನ ಸ್ವಂತ ತಂಗಿಗೆ ಕಳಿಸಿದ ಸ್ವೆಟರನ್ನೂ ತೂಗಿ, ನಾಲ್ಕು ಗ್ರಾಂ ಹೆಚ್ಚಿದೆಯೆಂದು ಇನ್ನೊಂದು ಸ್ಟಾಂಪು ಅಂಟಿಸಿದವಳು.

ಇಂಥ ಇಬ್ಬರ ನಡುವೆ ಇದ್ದದ್ದು ಒಂದು ಮೇಜು. ಮೂರು ವರ್ಷದಿಂದ ಅದರ ಮೇಲೆ ಮಾಸ್ಟರ ಆಟಿಕೆ ರೈಲು ಓಡುತ್ತಿತ್ತು. ಎರಡು ನಿಲ್ದಾಣ, ಒಂದು ಸುರಂಗ, ಹತ್ತಿಯ ಬೆಟ್ಟ, ಕನ್ನಡಿ ಚೂರಿನ ಕೆರೆ. ಗಂಡ ಹೆಂಡತಿ ಮಾತ್ರ ಮಂಚದ ಅಂಚಿನಲ್ಲಿ ಕೂತು ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು ಉಣ್ಣುತ್ತಿದ್ದರು.

"ರೀ, ಅಂಗಡಿಯವನು ಅದನ್ನ ಊಟದ ಮೇಜು ಅಂತ ಮಾರಿದ್ದು. ಇವತ್ತಿನವರೆಗೂ ಅದರ ಮೇಲೆ ಒಂದು ತುತ್ತು ಬಿದ್ದಿಲ್ಲ."

"ಬಿದ್ದಿದೆಯಲ್ಲೇ! ಹೋದ ತಿಂಗಳು ನೀನು ಬ್ರೆಡ್ಡು ಉದುರಿಸಿ, ಸುರಂಗದ ಬಾಯಲ್ಲೇ ಗಾಡಿ ಹಳಿ ತಪ್ಪಲಿಲ್ವಾ?"

"ಯಾವತ್ತು ಖಾಲಿ ಮಾಡ್ತೀರಿ? ಅದನ್ನ ಹೇಳಿ."

ಆಗಲೇ ಮಾಸ್ಟರು ಬ್ರಶ್ಶನ್ನು ಖಡ್ಗದಂತೆ ಎತ್ತಿದ್ದು. "ಕೇಳು! ನಾನು ಕಣ್ಣಲ್ಲೇ ಅಳೆದು ತರಿಸಿದ ಸಾಮಾನು ಅಳತೆ ತಪ್ಪಿತು ಅಂತ ನನ್ನ ಬಾಯಿಂದ ನಾನೇ ಒಪ್ಪಿಕೊಂಡ ದಿನ, ಹಳಿ ಕಿತ್ತು ಮೇಜು ನಿನ್ನ ಕೈಗೆ!"

"ನಿಮ್ಮ ಬಾಯಿಂದ?"

"ನನ್ನ ಬಾಯಿಂದಲೇ!"

ಹೆಂಡತಿ ಒಪ್ಪಿಕೊಂಡಳು. ಅಂಚೆಯವರಿಗೆ ಕಾಯುವುದು ಗೊತ್ತು.

ಆನ್‌ಲೈನಿನಲ್ಲಿ ನಡೆಯುವ ಆಟಿಕೆ ರೈಲುಗಳ ಹರಾಜೆಂದರೆ ಅದೊಂದು ವಿಚಿತ್ರ ಸಂತೆ. ಹೊಳೆಯುವ ಹೊಸ ಬೋಗಿಯನ್ನು ಕೇಳುವವರಿರುವುದಿಲ್ಲ. ಚಕ್ರವಿಲ್ಲದ, ಬಣ್ಣ ಹೋದ, ಮೂತಿ ಜಜ್ಜಿದ ಎಂಜಿನ್ನಿಗೆ ಹನ್ನೊಂದು ಜನ ಕಚ್ಚಾಡುತ್ತಾರೆ. ಒಮ್ಮೆ ಖಾಲಿ ರಟ್ಟಿನ ಡಬ್ಬಿಯೊಂದು, ಒಳಗೆ ಇರಬೇಕಾದ ರೈಲಿಗಿಂತ ಹೆಚ್ಚಿನ ಬೆಲೆಗೆ ಹೋಯಿತು. ಇನ್ನೊಮ್ಮೆ ಯಾರೋ ಮಹಾನುಭಾವ ತಲೆಯಿಲ್ಲದ ನಾಲ್ಕು ಪ್ರಯಾಣಿಕರನ್ನು ಕೊಂಡು, ಐದನೆಯವನಿಲ್ಲವೆಂದು ತಕರಾರು ಮಾಡಿದ. ಇಂಥ ಸಂತೆಯಲ್ಲಿ ಮಾಸ್ಟರು ಒಂದು ಬೆಳಗ್ಗೆ ಕಂಡದ್ದು ಒಂದು ಕೈಮರ. ಅದೇ, ರೈಲಿಗೆ ನಿಲ್ಲು, ಹೋಗು ಎಂದು ಕೈ ತೋರಿಸುವ ಹಳೆಯ ಕಾಲದ ಸಿಗ್ನಲ್ ಕಂಬ. ಅವರ ಮೇಜಿನ ಮೊದಲ ನಿಲ್ದಾಣಕ್ಕೆ ಗೇಣುದ್ದದ ಕೈಮರವಿತ್ತು, ಎರಡನೆಯದಕ್ಕೆ ಇರಲಿಲ್ಲ. ಆ ಕೊರತೆ ಅವರಿಗೆ ಅಂಗಿಯ ಗುಂಡಿ ಹೋದಷ್ಟು ಚುಚ್ಚುತ್ತಿತ್ತು.

ಫೋಟೋದಲ್ಲಿ ನೀಲಿ ಆಕಾಶದ ಮುಂದೆ ಕೆಂಪು ಬಿಳಿ ಪಟ್ಟಿಯ ಕೈ, ಪಕ್ಕದಲ್ಲಿ ಮುದ್ದಾದ ಏಣಿ. ಬಾಗಿಲು ಹಾಕುತ್ತಿದ್ದ ರೈಲುಪ್ರಿಯರ ಕ್ಲಬ್ಬೊಂದು ತನ್ನ ಸಾಮಾನು ಮಾರುತ್ತಿತ್ತು. ಬೆಲೆಯೋ, ಒಂದು ಪ್ಯಾಂಟು ಹೊಲಿಸಿದಷ್ಟು!

"ಒಂದು ಗೇಣು" ಎಂದರು ಮಾಸ್ಟರು ಒಂದು ಕಣ್ಣು ಮುಚ್ಚಿ. "ಹೆಚ್ಚೆಂದರೆ ಗೇಣಿನ ಮೇಲೆ ಎರಡು ಬೆರಳು."

"ಕೆಳಗೆ ಏನೋ ಸಣ್ಣಕ್ಷರದಲ್ಲಿದೆಯಲ್ಲ, ಓದಿ."

"ಕಣ್ಣಿಲ್ಲದವರು ಓದಬೇಕು ಕಣೇ!"

ಅವರನ್ನು ಬಿಟ್ಟರೆ ಇನ್ನೊಬ್ಬ ನರಪಿಳ್ಳೆಯೂ ಬೆಲೆ ಕೂಗಲಿಲ್ಲ. ಜಗತ್ತಿನಲ್ಲಿ ಇಷ್ಟೊಂದು ಜನ ಕುರುಡರಿದ್ದಾರಲ್ಲ ಎಂದು ಮಾಸ್ಟರಿಗೆ ನಿಜವಾಗಿಯೂ ಮರುಕ ಬಂತು.

ಎಂಟನೆಯ ದಿನ ಮನೆಯ ಮುಂದೆ ಲಾರಿಯೊಂದು ಹಾರನ್ ಮಾಡಿತು. ಮಾಸ್ಟರು ಒಂದು ಕೈಯಲ್ಲಿ ಗೋಂದಿನ ಟ್ಯೂಬು, ಇನ್ನೊಂದರಲ್ಲಿ ಪುಟ್ಟ ಸ್ಕ್ರೂಡ್ರೈವರು ಹಿಡಿದು ಮದುಮಗನಂತೆ ಓಡಿಬಂದರು.

"ಯಜಮಾನ್ರೇ, ಕೈಮರ ನಿಮ್ದೇನಾ? ಎಲ್ಲಿ ಇಳಿಸ್ಲಿ?" ಎಂದ ಲಾರಿ ಚಾಲಕ.

"ಇಲ್ಲೇ ಕೊಡಪ್ಪ" ಎಂದು ಮಾಸ್ಟರು ಗೋಂದನ್ನು ಜೇಬಿಗೆ ಹಾಕಿ ಅಂಗೈ ಚಾಚಿದರು.

ಚಾಲಕ ಅಂಗೈಯನ್ನು ನೋಡಿದ. ಲಾರಿಯ ಹಿಂಬದಿಯನ್ನು ನೋಡಿದ. ಮತ್ತೆ ಅಂಗೈಯನ್ನು ನೋಡಿ, "ಇನ್ನೂ ಆರು ಜನ ಬೇಕಾಗ್ತದೆ ಸ್ವಾಮಿ" ಎಂದ.

ಲಾರಿಯಲ್ಲಿ ಮಲಗಿದ್ದದ್ದು ನಿಜವಾದ ಕೈಮರ! ಕ್ಲಬ್ಬಿನವರು ತಮ್ಮ ಗೇಟಿನ ಮುಂದೆ ಅಂದಕ್ಕೆ ನಿಲ್ಲಿಸಿದ್ದ, ಅಸಲಿ ರೈಲುಗಳನ್ನು ಕಂಡು ಮುಪ್ಪಾದ, ಮೂರಾಳುದ್ದವನ್ನೂ ಮೀರಿದ ಕಬ್ಬಿಣದ ಕಂಬ. ಅದರ ಬಾಲ ಲಾರಿಯಿಂದಾಚೆ ಬಂದು, ತುದಿಯಲ್ಲಿ ಕಟ್ಟಿದ ಕೆಂಪು ಬಟ್ಟೆ ಗಾಳಿಗೆ ಆಡುತ್ತಿತ್ತು. ಬಾಗಿಲಲ್ಲಿ ಹೆಂಡತಿ ನಿಂತಿದ್ದಳು.

"ಏನ್ರೀ ಇದು?"

ಸೋಲೊಪ್ಪಲು ಇದಕ್ಕಿಂತ ಪ್ರಶಸ್ತ ಮುಹೂರ್ತ ಸಿಗುತ್ತಿರಲಿಲ್ಲ. ಆದರೆ ಮೇಜು! ಹಳಿ! ಸುರಂಗ! ಮಾಸ್ಟರು ಎದೆಯುಬ್ಬಿಸಿದರು. "ಏನಂದ್ರೆ? ಕೈಮರ! ಅಂಗಳಕ್ಕೆ ಅಂತಲೇ ತರಿಸಿದ್ದು!"

"ಗೇಣುದ್ದ ಅಂದಿದ್ರಿ."

"ದೂರದಿಂದ ನೋಡಿದಾಗ ಗೇಣುದ್ದ ಕಾಣುತ್ತೆ ಅಂದೆ. ಹತ್ತಿರ ಬಂದರೆ ಯಾವುದು ತಾನೇ ದೊಡ್ಡದಾಗಲ್ಲ?"

ಹೆಂಡತಿ ನಗಲಿಲ್ಲ. "ಓ, ಬೇಕು ಅಂತಲೇ ತರಿಸಿದ್ದಾ? ಹಾಗಾದ್ರೆ ಮಲಗಿಸಬೇಡಿ, ನಿಲ್ಸಿ" ಎಂದು ಒಳಗೆ ಹೋದಳು.

ನಿಲ್ಲಿಸಿದರು! ಗುಂಡಿ ತೋಡಲು ಇಬ್ಬರು, ಎತ್ತಲು ಎಂಟು ಜನ, ಸಲಹೆ ಕೊಡಲು ಇಡೀ ಬೀದಿ. ಬಟ್ಟೆ ಒಣಹಾಕುವ ತಂತಿ ಹೋಯಿತು, ಕಾಂಪೌಂಡಿನ ಒಂದು ಮೂಲೆ ಹೋಯಿತು, ಲಾರಿ ಬಾಡಿಗೆಗೆ ಮಾಸ್ಟರ ಎರಡು ತಿಂಗಳ ಹೊಲಿಗೆ ಹೋಯಿತು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಾತ್ರ ಮಣ್ಣಾಗಲಿಲ್ಲ.

ಮಾರನೆಯ ದಿನದಿಂದ ಕೈಮರ ತನ್ನ ಹಳೆಯ ನೌಕರಿಯನ್ನು ಮುಂದುವರಿಸಿತು. ಗಾಳಿ ಬೀಸಿದರೆ ಕೈ ತಾನಾಗಿಯೇ 'ಧಡಾರ್' ಎಂದು ಏಳುತ್ತಿತ್ತು, ಬೀಳುತ್ತಿತ್ತು. ಹೊಸದಾಗಿ ಕಾರು ಕಲಿಯುತ್ತಿದ್ದವನೊಬ್ಬ ಅದು ಇಳಿಯಲೆಂದು ಇಪ್ಪತ್ತು ನಿಮಿಷ ಬೀದಿಯಲ್ಲಿ ಕಾದ. ಅವನ ಹಿಂದೆ ಏಳು ವಾಹನ ಕಾದವು. ಪಕ್ಕದ ಮನೆಯ ನಿವೃತ್ತ ಹೆಡ್‌ಮಿಸ್ಸು ಬಾಲ್ಕನಿಯಿಂದಲೇ ಕೂಗಿದರು: "ನೋಡಮ್ಮಾ, ನಿಮ್ಮ ಯಜಮಾನ್ರ ಕೈ ನನ್ನ ಬಾಲ್ಕನಿ ಒಳಗೆ ಬರ್ತಿದೆ! ಈ ವಯಸ್ಸಿನಲ್ಲಿ ಇದೆಲ್ಲ ಚೆಂದವಾ?"

"ಬೇಕು ಅಂತಲೇ ತರಿಸಿದ್ದಾರಂತೆ ಮಿಸ್" ಎಂದಳು ಹೆಂಡತಿ, ಕೈಮರದ ಏಣಿಗೆ ಒದ್ದೆ ಟವಲು ಹರವುತ್ತ.

ಅವಳು ಒಂದು ಸಲವಾದರೂ ಬೈದಿದ್ದರೆ ಮಾಸ್ಟರು ತಿರುಗಿ ಬೈದು ಹಗುರಾಗುತ್ತಿದ್ದರು. ದಿನಕ್ಕೊಂದು ಸಲ "ಚೆನ್ನಾಗಿದೆ ಅಲ್ವಾ?" ಎಂದು ಕೇಳುತ್ತಿದ್ದಳು, ಅಷ್ಟೇ. "ಬಹಳ ಚೆನ್ನಾಗಿದೆ!" ಎನ್ನುವಾಗ ಮಾಸ್ಟರಿಗೆ ಬಾಯಿಯೊಳಗೆ ಬಿಸಿತುಪ್ಪ. ಉಗುಳುವಂತಿಲ್ಲ, ನುಂಗುವಂತಿಲ್ಲ.

ಮೂರನೆಯ ವಾರ ಕಂಬ ತೆಗೆಯಬೇಕೆಂದು ನಗರಸಭೆಯ ನೋಟೀಸು ಬಂತು. ಮಾಸ್ಟರು ಅದನ್ನೂ ಗೆಲುವನ್ನಾಗಿ ತಿರುಗಿಸಿದರು. "ನನ್ನ ಆಸೆ ತೀರಿತು. ಈಗ ಇದನ್ನ ಹರಾಜಿಗೆ ಹಾಕಿ ಲಾಭಕ್ಕೆ ಮಾರ್ತೀನಿ, ನೋಡ್ತಿರು!"

"ಮಾರಿ. ಆದರೆ ಅಳತೆ ನಾನು ಬರೀತೀನಿ" ಎಂದು ಹೆಂಡತಿ ಟೇಪು ಹಿಡಿದು ಏಣಿ ಹತ್ತಿದಳು. 'ಎತ್ತರ ಇಪ್ಪತ್ತೆರಡು ಅಡಿ ಮೂರು ಅಂಗುಲ. ಸಾಗಿಸಲು ಲಾರಿ ಬೇಕು' ಎಂದು ತಾನೇ ಬರೆದು, ಎರಡು ಸಲ ಓದಿ, ಹಾಕಿದಳು.

ಆಮೇಲೆ ನಡೆದದ್ದು ಪವಾಡ. ಇಬ್ಬರು ಒಂದೇ ಸಮನೆ ಕಾದಾಡಲು ಶುರುಮಾಡಿದರು! ಒಬ್ಬ ಕೂಗಿದರೆ ಇನ್ನೊಬ್ಬ ಅದರ ಮೇಲೆ, ಇವನು ಮತ್ತೆ ಅವನ ಮೇಲೆ. ಬೆಲೆ ಒಂದು ಪ್ಯಾಂಟಿನಿಂದ ಹೊರಟು, ಕೋಟು ದಾಟಿ, ಮದುವೆ ಮನೆಯ ಇಡೀ ಬಟ್ಟೆಯ ಲೆಕ್ಕಕ್ಕೆ ಬಂತು. ಮಾಸ್ಟರು ಅಂಗಡಿಗೆ ರಜೆ ಹಾಕಿ ಮೊಬೈಲಿನ ಮುಂದೆ ಕೂತು ಗಹಗಹಿಸಿದರು. "ಕಣ್ಣು ಕಣೇ, ಕಣ್ಣು! ಬಂಗಾರ ಯಾವುದು, ಕಬ್ಬಿಣ ಯಾವುದು ಅಂತ ಅಂದೇ ಕಂಡಿತ್ತು ಈ ಕಣ್ಣು!"

ಹರಾಜು ಮುಗಿಯಿತು, ಹಣವೂ ಬಂತು.

ಭಾನುವಾರ ಬೆಳಗ್ಗೆ ಗೇಟಿನ ಮುಂದೆ ಪುಟ್ಟ ಕಾರೊಂದು ನಿಂತಿತು. ಇಳಿದವರು ಬಿಳಿ ಅಂಗಿಯ ಹಲ್ಲಿನ ಡಾಕ್ಟರು. ಕೈಯಲ್ಲಿ ಗೇಣುದ್ದದ ಒಂದು ಡಬ್ಬಿ. ಒಳಗೆ ಹತ್ತಿ ಹಾಸಿತ್ತು. ಆ ಹತ್ತಿ ಕಂಡ ಮಾಸ್ಟರು ಮೆಲ್ಲನೆ ತಿರುಗಿ ಕಂಬವನ್ನು ನೋಡಿದರು.

ಡಾಕ್ಟರು ಕಂಬಕ್ಕೊರಗಿ ನಿಂತು ಬೆವರು ಒರೆಸಿಕೊಂಡರು. "ಆ ಕೈಮರ ಎಲ್ಲಿದೆ ಮಾಸ್ಟ್ರೇ? ಬಹಳ ಕಷ್ಟಪಟ್ಟು ಗೆದ್ದೆ. ನನ್ನ ಎದುರಾಳಿ ಭಾರಿ ಹಟಮಾರಿ. ಗೆದ್ದ ಮೇಲೆ ನೋಡಿದ್ರೆ ಅವನೂ ನಾನೇ! ಕ್ಲಿನಿಕ್ಕಿನ ಕಂಪ್ಯೂಟರಲ್ಲಿ ಒಂದು ಹೆಸರು, ಫೋನಲ್ಲಿ ಇನ್ನೊಂದು ಹೆಸರು ಇಟ್ಟದ್ದು ಮರೆತೇಹೋಗಿತ್ತು."

"ನೀವು ಒರಗಿರೋದೇ ಅದು, ಡಾಕ್ಟ್ರೇ."

ಡಾಕ್ಟರು ನಿಧಾನವಾಗಿ ತಲೆಯೆತ್ತಿದರು. ತಲೆ ಹಿಂದೆ ಹೋದಷ್ಟೂ ಬಾಯಿ ತೆರೆಯಿತು. ಮೂವತ್ತೆರಡು ಹಲ್ಲನ್ನೂ ಮಾಸ್ಟರು ಎಣಿಸಬಹುದಿತ್ತು.

"ಅಳತೆ ಸ್ಪಷ್ಟವಾಗಿ ಬರೆದಿದ್ದೆವಲ್ಲ?"

"ದಿನವಿಡೀ ಹಲ್ಲಿನ ಸಂದಿ ನೋಡೋನು ನಾನು. ನನ್ನ ಕಣ್ಣು ಕೂದಲೆಳೆಯಷ್ಟೂ ತಪ್ಪಲ್ಲ ಅಂತ... ಓದಲಿಲ್ಲ." ಡಾಕ್ಟರ ದನಿ ಪಿಸುಮಾತಿಗಿಳಿಯಿತು. "ಕಾರಲ್ಲಿ ಹೆಂಡತಿ ಇದ್ದಾಳೆ ಮಾಸ್ಟ್ರೇ. ಇನ್ನೊಂದು ಸಲ ಅಳತೆ ತಪ್ಪಿದ್ರೆ ನನ್ನ ರೈಲನ್ನೆಲ್ಲ ಯಾರಿಗಾದ್ರೂ ಕೊಟ್ಟುಬಿಡ್ತೀನಿ ಅಂತ ಆಣೆ ಇಟ್ಟಿದ್ದೀನಿ. ಮೂವತ್ತು ವರ್ಷದ್ದು..."

ನಗುವ ಹಕ್ಕು ಮಾಸ್ಟರಿಗಿತ್ತು. ಹಣವೂ ಜೇಬಿನಲ್ಲಿತ್ತು, ನ್ಯಾಯವೂ ಅವರ ಕಡೆಗಿತ್ತು. ಆದರೆ ಹತ್ತಿ ಹಾಸಿದ ಆ ಡಬ್ಬಿಯನ್ನು ನೋಡಿ ಅವರಿಗೆ ತಮ್ಮ ಮೇಜಿನ ಹತ್ತಿಯ ಬೆಟ್ಟ ನೆನಪಾಯಿತು. ಅಷ್ಟರಲ್ಲಿ ಕಾರಿನ ಬಾಗಿಲು ತೆರೆದು ಡಾಕ್ಟರ ಹೆಂಡತಿ ಬಂದರು.

"ಸಿಕ್ಕಿತೇನ್ರೀ? ಈ ಸಲವಾದ್ರೂ ಸರಿಯಾಗಿದೆಯಾ?" ಎನ್ನುತ್ತ ಅವರ ಕಣ್ಣು ಕಂಬದ ಮೇಲೆ ಹತ್ತತೊಡಗಿತು.

"ಅಮ್ಮಾ!" ಎಂದು ಮಾಸ್ಟರು ಅಡ್ಡ ನಿಂತರು. "ತಪ್ಪು ನನ್ನದು! ಡಾಕ್ಟರು ಕೊಂಡದ್ದು ಗೇಣುದ್ದದ್ದು. ಫೋಟೋ ಹಾಕುವಾಗ ನಾನೇ ಎಡವಟ್ಟು ಮಾಡಿ ಈ ದೊಡ್ಡದರದ್ದು ಹಾಕಿಬಿಟ್ಟೆ. ಅಳತೆ ತಪ್ಪಿಸಿದೋನು ನಾನು. ನನ್ನ ಕಣ್ಣೇ ಸರಿಯಿಲ್ಲ!"

ಇಡೀ ಬೀದಿಗೆ ಕೇಳಿಸಿತು. ಹೆಡ್‌ಮಿಸ್ಸು ಬಾಲ್ಕನಿಗೆ ಬಂದು ನಿಂತರು.

ಮಾಸ್ಟರು ಒಳಗೆ ಓಡಿದರು. ಮೊದಲ ನಿಲ್ದಾಣದ ಪಕ್ಕ ಮೂರು ವರ್ಷ ನಿಂತಿದ್ದ ತಮ್ಮ ಸ್ವಂತ ಕೈಮರದ ತಿರುಪು ಬಿಚ್ಚಿ, ತಂದು, ಡಬ್ಬಿಯಲ್ಲಿಟ್ಟರು. ಅಳೆದು ಹೊಲಿಸಿದಂತೆ ಕೂತಿತು. ಹೆಚ್ಚಿನ ಹಣವನ್ನೂ ಹಿಂದಿರುಗಿಸಿದರು.

"ನೋಡಿ ಕಲೀರಿ. ತಪ್ಪು ಒಪ್ಪಿಕೊಳ್ಳೋದು ಅಂದ್ರೆ ಹೀಗೆ" ಎಂದರು ಡಾಕ್ಟರ ಹೆಂಡತಿ ಗಂಡನಿಗೆ. ಡಾಕ್ಟರು ಎರಡೂ ಕೈಯಲ್ಲಿ ಡಬ್ಬಿ ಹಿಡಿದು, ತಲೆ ಬಾಗಿಸಿ ಕಾರು ಹತ್ತಿದರು.

ಮಾಸ್ಟರು ತಿರುಗಿದರೆ ಬಾಗಿಲಲ್ಲಿ ಹೆಂಡತಿ.

"ಅಳತೆ ತಪ್ಪಿತು ಅಂದ್ರಿ."

"ಅದು ಲೆಕ್ಕಕ್ಕೆ ಬರಲ್ಲ! ಪಾಪ ಆ ಮನುಷ್ಯನಿಗೋಸ್ಕರ ಅಂದೆ. ನಾನು ಮಾಡದ ತಪ್ಪು ಕಣೇ ಅದು!"

"ಗೊತ್ತು. ಅಳೆದು ಬರೆದವಳು ನಾನೇ ಅಲ್ವಾ?" ಅವಳು ಹತ್ತಿರ ಬಂದು ಅವರ ಭುಜದ ಮೇಲೆ ಕೈಯಿಟ್ಟಳು. ದನಿ ಎಂದಿಗಿಂತ ಮೆತ್ತಗಿತ್ತು. "ಒಳ್ಳೆ ಕೆಲಸ ಮಾಡಿದ್ರಿ. ಮಾಡದ ತಪ್ಪನ್ನೇ ಇಷ್ಟು ಚೆನ್ನಾಗಿ ಒಪ್ಪಿಕೊಂಡ್ರಲ್ಲ, ಇನ್ನು ಮಾಡಿದ್ದನ್ನ ಒಪ್ಪಿಕೊಳ್ಳೋದು ಏನು ಮಹಾ ಕಷ್ಟ?"

ಮಾಸ್ಟರು ಕಂಬವನ್ನು ನೋಡಿದರು, ಬಾಲ್ಕನಿಯನ್ನು ನೋಡಿದರು, ಕೊನೆಗೆ ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ನೋಡಿದರು.

"ಊಟಕ್ಕೆ ಇನ್ನೂ ಎಷ್ಟು ಹೊತ್ತಿದೆ?"

"ಒಂದು ಗಂಟೆ."

"ಅಷ್ಟು ಸಾಕು ಬಿಡು, ಹಳಿ ಎಲ್ಲ ಕೀಳೋಕೆ" ಎಂದರು ಮಾಸ್ಟರು, ಮೇಜನ್ನೊಮ್ಮೆ ಕಣ್ಣಲ್ಲೇ ಅಳೆದು.

ನಾಲ್ಕೂವರೆ ಗಂಟೆ ಹಿಡಿಯಿತು.